ಭಾಮೈದನ ಹೆಸರು ಹೇಳಿದ ದಿನ

ನಾಪುಲೈ ದ್ವೀಪದ ರೇಡಿಯೋ ತೆಂಗಿನೆಣ್ಣೆಯಲ್ಲಿ ಓಡುತ್ತಿತ್ತು. ದೊಡ್ಡನಾಡಿನ ಸೈನ್ಯ ಸಮುದ್ರಕ್ಕೆ ಬೇಲಿ ಹಾಕಿ ಕೂತ ಮೇಲೆ ಡೀಸೆಲ್ ಅನ್ನೋದನ್ನು ಯಾರೂ ಕಣ್ಣಲ್ಲಿ ಕಂಡಿರಲಿಲ್ಲ. ಜನರೇಟರಿನ ಹೊಟ್ಟೆಗೆ ಎಣ್ಣೆ ಸುರಿದು ಹಗ್ಗ ಎಳೆದರೆ ಅದು ಕೆಮ್ಮಿ, ಕ್ಯಾಕರಿಸಿ, ಮುದುಕನ ಹಾಗೆ ಬೈದುಕೊಂಡು ಎದ್ದು ನಿಲ್ಲುತ್ತಿತ್ತು. ಆಮೇಲೆ ಕಣಿವೆ ತುಂಬ ಬಾಳೆಕಾಯಿ ಕರಿದ ವಾಸನೆ. ಊರಿನ ನಾಯಿಗಳೆಲ್ಲ ನಾಲಿಗೆ ಚಾಚಿಕೊಂಡು ರೇಡಿಯೋ ಗುಡಿಸಲ ಸುತ್ತ ಬಂದು ಕೂತುಬಿಡುತ್ತಿದ್ದವು. ವಾರ್ತೆ ಮುಗಿಯೋ ತನಕ ಒಂದೂ ಕದಲುತ್ತಿರಲಿಲ್ಲ. ಅಷ್ಟು ರಾಜಕೀಯ ತಿಳಿದ ನಾಯಿಗಳು ಭೂಮಿ ಮೇಲೆ ಇನ್ನೆಲ್ಲೂ ಇಲ್ಲ ಎಂದು ದ್ವೀಪದವರಿಗೆ ಹೆಮ್ಮೆ.

ವಾರ್ತೆ ಓದುವವನು ಅಂಬ್ರೋಸ್ ಸಿಯಾಕು. ಯುದ್ಧಕ್ಕೆ ಮುಂಚೆ ಕೊಬ್ಬರಿ ಹಡಗಿನಿಂದ ದಡಕ್ಕೆ ಕೂಗು ಹಾಕುವ ಕೆಲಸ ಅವನದು. ಅವನು ದಡದಲ್ಲಿ ಸೀನಿದರೆ ಗುಡ್ಡದ ಮೇಲಿನ ಪಾದ್ರಿ ‘ದೇವರು ಕಾಪಾಡಲಿ’ ಎನ್ನುತ್ತಿದ್ದನಂತೆ. ಅಂಥ ಗಂಟಲು. ಗಂಟಲಿಗಿಂತ ದೊಡ್ಡದು ಅವನ ಮಾತಿನ ಮೇಲಿದ್ದ ನಂಬಿಕೆ. ಸೇತುವೆ ಮುರಿದಿದೆ ಎಂದು ಅಂಬ್ರೋಸ್ ಹೇಳಿದರೆ ಯಾರೂ ಹೋಗಿ ನೋಡುತ್ತಿರಲಿಲ್ಲ, ಬೇರೆ ದಾರಿ ಹಿಡಿಯುತ್ತಿದ್ದರು.

ತೊಡಕು ಒಂದೇ. ದ್ವೀಪದ ಅಧ್ಯಕ್ಷರು ಅವನ ಹೆಂಡತಿ ಲುದೊವಿಕಾಳ ತಮ್ಮ.

ಹೆಂಡತಿಯ ತಮ್ಮನ ಜೊತೆ ಗಂಡಸು ಮಾತಾಡುವ ಹಾಗಿಲ್ಲ, ಅವನ ಮುಖ ನೋಡುವ ಹಾಗಿಲ್ಲ. ಒಬ್ಬ ಒಳಗೆ ಬಂದರೆ ಇನ್ನೊಬ್ಬ ಬೆನ್ನು ತಿರುಗಿಸಿ ಕೂರಬೇಕು. ಹೆಸರಂತೂ ಎತ್ತುವಂತೆಯೇ ಇಲ್ಲ. ಇಡೀ ಜನ್ಮದಲ್ಲಿ ಒಂದೇ ಒಂದು ಸಲ ಆ ಹೆಸರು ಬಾಯಿಗೆ ಬರಬಹುದು. ಭಾಮೈದ ಸತ್ತಾಗ, ಅವನ ಗುಂಡಿಯ ಅಂಚಿನಲ್ಲಿ ನಿಂತು, ಕೊನೆಯ ಊಟಕ್ಕೆ ಬಾರಪ್ಪ ಎಂದು ಕರೆಯುವಾಗ. ಹೀಗಾಗಿ ಯುದ್ಧ ಶುರುವಾದಂದಿನಿಂದ ಅಂಬ್ರೋಸ್ ರೇಡಿಯೋದಲ್ಲಿ ಅಧ್ಯಕ್ಷರನ್ನು ‘ಗುಡ್ಡದ ಮೇಲಿನವರು’ ಎಂದೇ ಕರೆಯುತ್ತಿದ್ದ. ಅವರ ಬಿಡಾರ ಇದ್ದದ್ದು ಗುಡಿಸಲ ಹಿಂದಿನ ಗುಡ್ಡದ ಮೇಲೆ. ಗುಡ್ಡದ ಮೇಲಿನವರು ಹೀಗೆ ಅಂದರು, ಹಾಗೆ ಮಾಡಿದರು ಅಂತ. ಕೇಳಿ ಕೇಳಿ ಮಕ್ಕಳಿಗೂ ಅದೇ ರೂಢಿಯಾಗಿತ್ತು.

ಆ ದಿನ ಮಧ್ಯಾಹ್ನ ಅಧ್ಯಕ್ಷರು ತಾವೇ ಗುಡಿಸಲಿಗೆ ಬಂದರು. ಅವರ ಬೂಟಿನ ಸದ್ದಿಗೆ ಅಂಬ್ರೋಸ್ ಗೋಡೆ ಕಡೆ ತಿರುಗಿ ಕೂತ. ಅಧ್ಯಕ್ಷರು ಬಾಗಿಲ ಕಡೆ ಮುಖ ಮಾಡಿ ಕೂತರು. ಬೆನ್ನಿಗೆ ಬೆನ್ನು, ನಡುವೆ ಅಂಗೈ ಅಗಲ ಜಾಗ. ಪಕ್ಕದಲ್ಲಿ ಲುದೊವಿಕಾ ಕೆಸುವಿನ ಗಡ್ಡೆ ಹೆರೆಯುತ್ತಿದ್ದಳು.

“ಅಕ್ಕ, ನಿನ್ನ ಗಂಡನಿಗೆ ಹೇಳು. ದೊಡ್ಡನಾಡಿನವರ ಕೈಲಿದ್ದ ಹಾಮಿಸಿ ಬಂದರು ನಮ್ಮ ಕೈಗೆ ಬಂತು ಅಂತ ಇವತ್ತು ಸಂಜೆ ಓದಬೇಕು.”

ಲುದೊವಿಕಾ ಗಂಡನ ಕಡೆ ತಿರುಗಿದಳು. “ಕೇಳಿಸ್ತಾ?”

“ಕೇಳಿಸ್ತು. ಬಂತಾ ಅಂತ ಕೇಳು.”

“ಬಂತಾ ಅಂತಿದಾನೆ.”

“ನಾಳೆ ಬೆಳಗಾಗೋ ಹೊತ್ತಿಗೆ ಬರುತ್ತೆ.”

“ಹಂಗಾದ್ರೆ ನಾಳೆ ಓದ್ತೀನಿ ಅನ್ನು. ನಾಳೆ ಗಂಟಲು ಇನ್ನೂ ಚೆನ್ನಾಗಿರುತ್ತೆ.”

“ನಾಳೆ ಗಂಟಲು—”

“ನನಗೂ ಕಿವಿ ಇದೆ ಅಕ್ಕ!” ಅಧ್ಯಕ್ಷರು ಗಡ್ಡೆಯ ಬುಟ್ಟಿಗೆ ಒದ್ದರು. ಗಡ್ಡೆಗಳು ನೆಲದ ಮೇಲೆಲ್ಲ ಉರುಳಿದವು. “ಹಿರಿಯರೆಲ್ಲ ಮಾತುಕತೆಗೆ ಹೋಗೋಣ ಅಂತ ಬಿಳಿ ಬಟ್ಟೆ ಒಗೆದು ಒಣಗಿಸ್ತಿದಾರೆ. ಹುಡುಗರು ಬಂದೂಕ ಮರಕ್ಕೆ ಒರಗಿಸಿ ಗೆಣಸು ಅಗೆಯೋಕೆ ಹೋಗ್ತಿದಾರೆ. ಒಂದು ಗೆಲುವಿನ ಸುದ್ದಿ ಕೇಳಿದ್ರೆ ನಾಳೆ ಪ್ರಾಣ ಕೊಟ್ಟು ಹೊಡೀತಾರೆ. ಹೊಡೆದ್ರೆ ಗೆಲ್ತೀವಿ. ಆಗ ಈ ಸುದ್ದಿ ನಿಜಾನೇ ಆಗುತ್ತೆ. ಸುಳ್ಳೆಲ್ಲಿ ಬಂತು?”

“ಸಿರೊವಾ ಗುಡ್ಡದ ತಾಯಂದಿರ ಬಗ್ಗೆ ಕೇಳು,” ಎಂದ ಅಂಬ್ರೋಸ್ ಗೋಡೆಗೆ.

ಲುದೊವಿಕಾ ಕೇಳಬೇಕಾಗಿರಲಿಲ್ಲ. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಸಿರೊವಾದ ಮಕ್ಕಳಿಗೆ ನಾಯಿಕೆಮ್ಮು ಹತ್ತಿತ್ತು. ಆಸ್ಪತ್ರೆ ಇದ್ದದ್ದು ಹಾಮಿಸಿ ಬಂದರಿನಲ್ಲಿ, ದೊಡ್ಡನಾಡಿನ ಸೈನ್ಯದ ತುಪಾಕಿಗಳ ಕೆಳಗೆ. ‘ಬಂದರು ನಮ್ಮದಾಯ್ತು ಅಂತ ಅಂಬ್ರೋಸ್ ಬಾಯಿಂದ ಬರಲಿ, ಆ ಕ್ಷಣವೇ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಇಳೀತೀವಿ’ ಎಂದು ತಾಯಂದಿರು ಹೇಳಿ ಕಳಿಸಿದ್ದರು. ಸಂಜೆ ಸುದ್ದಿ ಕೇಳಿ ಹೊರಟರೆ ನಸುಕಿಗೆ ಸರಿಯಾಗಿ ಮರಳ ದಂಡೆಯಲ್ಲಿರುತ್ತಾರೆ. ಎರಡೂ ಕಡೆಯ ಗುಂಡು ಹಾರುವುದು ಅದೇ ಮರಳಿನ ಮೇಲೆ.

“ಅವರು ಇಳಿಯೋ ಹೊತ್ತಿಗೆ ಬಂದರು ನಮ್ಮದಾಗಿರುತ್ತೆ,” ಎಂದರು ಅಧ್ಯಕ್ಷರು.

“ಆಗದಿದ್ರೆ?” ಇದು ಲುದೊವಿಕಾಳದೇ ಪ್ರಶ್ನೆ.

“ಆಗುತ್ತೆ.”

“ಆಗದಿದ್ರೆ ತಮ್ಮಾ?”

ಅಧ್ಯಕ್ಷರು ಎದ್ದರು. “ಹೋದ ವಾರ ನಾನು ಏನು ಬರೆದು ಕೊಟ್ಟಿದ್ದೆ? ‘ಹಳ್ಳಿಗಳ ರಕ್ಷಣೆಗಾಗಿ ನಮ್ಮ ಪಡೆ ಮನೆಗೆ ಹತ್ತಿರವಾಗಿ ನಿಂತಿದೆ’ ಅಂತ. ನಿನ್ನ ಗಂಡ ಅದನ್ನ ಓದಿ, ಕೊನೆಗೆ ಏನು ಸೇರಿಸ್ದ? ‘ಅಂದ್ರೆ, ಓಡಿಬಂದರು’ ಅಂತ! ಈ ಸಲ ಕಾರ್ಯದರ್ಶಿ ಬರೆದು ತರ್ತಾನೆ. ಒಂದು ಅಕ್ಷರ ಬಿಡೋ ಹಾಗಿಲ್ಲ, ಒಂದು ಅಕ್ಷರ ಸೇರಿಸೋ ಹಾಗಿಲ್ಲ. ಇದು ಯುದ್ಧ. ಯುದ್ಧದಲ್ಲಿ ಆಜ್ಞೆ ಮೀರಿದವನನ್ನ ಏನು ಮಾಡ್ತಾರೆ ಅನ್ನೋದನ್ನ ಅಕ್ಕನ ಮುಂದೆ ನಾನು ಹೇಳಲ್ಲ.”

ಅಷ್ಟು ಹೇಳಿ ಹೊಳೆಯ ಕಡೆ ಹೋದರು. ನಾಳೆಯ ದಾಳಿಯ ಹುಡುಗರು ಆ ದಡದಲ್ಲಿ ಕಾಯುತ್ತಿದ್ದರು.

ಅಂಬ್ರೋಸ್ ಬಗ್ಗಿ ಗಡ್ಡೆ ಆರಿಸತೊಡಗಿದ. “ನಿನ್ನ ತಮ್ಮ ಒದೆಯೋದರಲ್ಲಿ ಗಟ್ಟಿಗ. ಬಂದರಿಗೂ ಹಿಂಗೇ ಒದ್ದಿದ್ರೆ ಎಂದೋ ನಮ್ಮದಾಗ್ತಿತ್ತು,” ಎಂದ.

ಲುದೊವಿಕಾ ನಗಲಿಲ್ಲ. “ನಿನ್ನನ್ನ ಹೊಡೆದುಹಾಕ್ತಾರೆ ಕಣೋ,” ಎಂದಳು.

ವಾರ್ತೆಯ ಹೊತ್ತಿಗೆ ಕಾರ್ಯದರ್ಶಿ ಕಾಸ್ಮಸ್ ಕಾಗದ ಹಿಡಿದು ಬಂದ. ಹಿಂದೆ ಇಬ್ಬರು ಬಂದೂಕದವರು. ಕಾಸ್ಮಸ್ ದೂರದ ಮರಳುದ್ವೀಪದವನು. ಅಲ್ಲಿ ಭಾವ ಭಾಮೈದ ಎಂದರೆ ಬೆನ್ನಿಗೆ ಗುದ್ದಾಡಿಕೊಂಡು, ಒಬ್ಬರನ್ನೊಬ್ಬರು ನೀರಿಗೆ ತಳ್ಳಿಕೊಂಡು ಹಲ್ಲು ಕಿರಿಯುವ ನೆಂಟಸ್ತಿಕೆ. ನಾಪುಲೈ ಜನರ ಈ ಬೆನ್ನು ತಿರುಗಿಸುವ ಕಟ್ಟಳೆ ಅವನಿಗೆ ಮೊದಲ ದಿನದಿಂದಲೂ ನಾಟಕದ ಹಾಗೆ ಕಾಣುತ್ತಿತ್ತು.

ಲುದೊವಿಕಾ ಕಾಗದ ಇಸಿದುಕೊಂಡು ನೋಡಿದಳು. ಮೊದಲ ಸಾಲಿನಲ್ಲೇ ಅವಳ ಬೆರಳು ನಿಂತಿತು.

“ಇಲ್ಲಿ ನನ್ನ ತಮ್ಮನ ಹೆಸರು ಬರೆದಿದೀಯಲ್ಲ.”

“ಅಧ್ಯಕ್ಷರ ಹೆಸರು ಬರೀದೆ ಇನ್ಯಾರ ಹೆಸರು ಬರೀಲಿ ಅಕ್ಕ? ನನ್ನ ಹೆಸರಾ?”

“ಇದನ್ನ ಇವನು ಓದೋ ಹಾಗಿಲ್ಲ. ಹೊಡೆದು ಹಾಕು. ‘ಗುಡ್ಡದ ಮೇಲಿನವರು’ ಅಂತ ಬರಿ.”

“ಅಕ್ಷರ ಬಿಡಬಾರದು ಅಂತ ಅಧ್ಯಕ್ಷರ ಅಪ್ಪಣೆ. ಹೋದ ವಾರ ಒಂದು ಮಾತು ಸೇರಿಸಿದ್ರಿ. ಈ ವಾರ ಕಟ್ಟಳೆ ನೆಪ ಹೇಳಿ ಒಂದು ಮಾತು ತೆಗೀತೀರಿ. ಮುಂದಿನ ವಾರ ಯುದ್ಧಾನೇ ತೆಗೆದುಬಿಡ್ತೀರಿ,” ಎಂದು ಕಾಸ್ಮಸ್ ನಕ್ಕ. “ಏನಯ್ಯ ಅಂಬ್ರೋಸ್, ಹೆಸರು ಹೇಳಿದ್ರೆ ನಾಲಿಗೆ ಉದುರಿ ಬೀಳುತ್ತಾ?”

“ನಾಲಿಗೆ ಉದುರಲ್ಲ,” ಎಂದ ಅಂಬ್ರೋಸ್ ನಿಧಾನವಾಗಿ.

“ಮತ್ತೆ ಓದು. ಓದಲ್ಲ ಅಂದ್ರೆ ಹೇಳು, ಇವರು ನಿನ್ನನ್ನ ಆಚೆ ಕರ್ಕೊಂಡು ಹೋಗ್ತಾರೆ. ನಾನೇ ಓದ್ತೀನಿ.”

ಅಂಬ್ರೋಸ್ ಮೈಕಿನ ಮುಂದೆ ಕೂತ. ಓದಲ್ಲ ಎಂದರೆ ಕಾಸ್ಮಸ್ ಓದುತ್ತಾನೆ. ಕಾಸ್ಮಸನ ಮಾತು ಯಾರು ನಂಬುತ್ತಾರೆ ಎಂದುಕೊಳ್ಳುವಂತಿಲ್ಲ. ಮಡಿಲಲ್ಲಿ ಮಗು ಉಸಿರು ಸಿಕ್ಕದೆ ನೀಲಿಗಟ್ಟುತ್ತಿರುವ ತಾಯಿ ಗಿಳಿ ಹೇಳಿದರೂ ನಂಬುತ್ತಾಳೆ. ಹೆಸರು ನುಂಗಿ ಉಳಿದದ್ದನ್ನು ಓದಿದರೂ ಅವರು ಇಳಿಯುತ್ತಾರೆ. ಹೆಸರು ಸೇರಿಸಿ ಓದಿದರೆ? ಅವನ ಬಾಯಲ್ಲಿ ಆ ಹೆಸರು ಬಂದರೆ ದ್ವೀಪದಲ್ಲಿ ಅದಕ್ಕೆ ಒಂದೇ ಅರ್ಥ. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ನಾಪುಲೈಯಲ್ಲಿ ಯಾರೂ ಕಡಲ ದಂಡೆಗೆ ಇಳಿಯುವುದಿಲ್ಲ, ಸತ್ತವನ ಮನೆಗಲ್ಲದೆ ಬೇರೆ ಎಲ್ಲಿಗೂ ಹೆಜ್ಜೆ ಇಡುವುದಿಲ್ಲ.

ಅವನು ಹೆಂಡತಿಯ ಮುಖ ನೋಡಿದ. ಅವಳಿಗೂ ಅದೇ ಲೆಕ್ಕ ಹೊಳೆದಿತ್ತು. ಗಡ್ಡೆಯ ಮೇಲೆ ಚಾಕು ಹಾಗೇ ನಿಂತಿತ್ತು. ಹೂಳುವುದು ಅವಳ ಒಡಹುಟ್ಟಿದವನನ್ನು. ಅವಳು ಎತ್ತಿ ಆಡಿಸಿದ, ಅವಳ ಎಂಜಲು ತಿಂದು ಬೆಳೆದ ತಮ್ಮ. ಬದುಕಿರುವವನಿಗೆ ಗುಂಡಿ ತೋಡುವುದೆಂದರೆ ಹುಡುಗಾಟವಲ್ಲ, ಅಪಶಕುನ ಎಲ್ಲಿಗೆ ಹೋಗಿ ತಟ್ಟುತ್ತದೋ ಯಾರು ಬಲ್ಲರು?

ಜನರೇಟರ್ ಗುಡುಗುಟ್ಟುತ್ತಿತ್ತು. ಕಾಸ್ಮಸ್ ಚಿಟಿಕೆ ಹೊಡೆದ.

ಲುದೊವಿಕಾ ಸಾವಿನ ಮನೆಯವಳ ಹಾಗೆ ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ನೆಲಕ್ಕೆ ಹಾಕಿದಳು. “ಓದು,” ಎಂದಳು. “ಬರೆದಿರೋ ಹಂಗೇ ಓದು.”

“ನಾಪುಲೈ ಜನರೇ, ಅಂಬ್ರೋಸ್ ಮಾತಾಡ್ತಿದೀನಿ.” ಆಮೇಲೆ ಹಡಗಿನಿಂದ ದಡಕ್ಕೆ ಕೂಗುತ್ತಿದ್ದ ಆ ಹಳೆಯ ದನಿಯಲ್ಲಿ, “ನಮ್ಮ ಅಧ್ಯಕ್ಷರಾದ... ಇಗ್ನೇಷಿಯಸ್ ಮೊರೆಬಾ...”

ಅಷ್ಟೇ. ಲುದೊವಿಕಾ ಎದೆ ಬಡಿದುಕೊಂಡು ಗೋಳೋ ಎಂದು ಅತ್ತಳು. ಹೊರಗಿದ್ದ ನಾಯಿಗಳು ಒಟ್ಟಿಗೆ ಮೂತಿ ಎತ್ತಿ ಊಳಿಟ್ಟವು. ಅಂಬ್ರೋಸ್ ಉಳಿದದ್ದನ್ನೂ ಓದಿದ, ಬಂದರು, ಗೆಲುವು, ಎಲ್ಲವನ್ನೂ, ಒಂದು ಅಕ್ಷರ ಬಿಡದೆ. ಅದು ಯಾರ ಕಿವಿಗೆ ಬಿತ್ತೋ ದೇವರಿಗೇ ಗೊತ್ತು.

“ನೋಡಿದ್ರಾ, ಎಷ್ಟು ಸುಲಭ,” ಎಂದ ಕಾಸ್ಮಸ್. “ಆದ್ರೆ ಅಕ್ಕ ಯಾಕೆ ಅಳ್ತಿದಾರೆ?”

ಅವನ ಪ್ರಶ್ನೆಗೆ ಹೊರಗಿನಿಂದ ಉತ್ತರ ಬಂತು. ಹತ್ತಿರದ ಹಳ್ಳಿಯಲ್ಲಿ ದೊಡ್ಡ ಮರದ ನಗಾರಿ ‘ದುಮ್’ ಎಂದಿತು. ಸುಮ್ಮನಾಯಿತು. ಮತ್ತೆ ‘ದುಮ್’ ಎಂದಿತು. ಅದರಾಚೆಯ ಹಳ್ಳಿಯ ನಗಾರಿ ಅದನ್ನು ಎತ್ತಿಕೊಂಡಿತು, ಅಲ್ಲಿಂದ ಆಚೆ ಗುಡ್ಡ. ಬಂದೂಕದವರಿಬ್ಬರೂ ಟೊಪ್ಪಿಗೆ ತೆಗೆದು ಎದೆಗೆ ಹಿಡಿದರು. ಒಬ್ಬನ ಕಣ್ಣಲ್ಲಿ ನೀರು.

“ಯಾವಾಗ ಹೋದ್ರು ಸ್ವಾಮಿ? ಮಧ್ಯಾಹ್ನ ಇಲ್ಲೇ ಓಡಾಡ್ತಿದ್ರಲ್ಲ,” ಎಂದು ಕಾಸ್ಮಸನನ್ನು ಕೇಳಿದ.

ಕಾಸ್ಮಸನ ಮುಖ ಸುಣ್ಣವಾಯಿತು.

ಸ್ವಲ್ಪ ಹೊತ್ತಿಗೆಲ್ಲ ಅಧ್ಯಕ್ಷರು ಓಡಿಬಂದರು. ಸೊಂಟದಿಂದ ಕೆಳಗೆಲ್ಲ ನೀರು ತೊಟ್ಟಿಕ್ಕುತ್ತಿತ್ತು. “ಯಾರು ಸತ್ತಿದ್ದು? ನಡುಹೊಳೆಯಲ್ಲಿ ಅಂಬಿಗ ನನ್ನ ಮುಖ ನೋಡಿ, ಅಯ್ಯೋ ಅಂತ ನೀರಿಗೆ ಹಾರಿಬಿಟ್ಟ! ಅಕ್ಕ, ಯಾಕೆ ಅಳ್ತಿದೀಯಾ?”

“ನನ್ನ ಮಾತಾಡಿಸಬೇಡ ತಮ್ಮಾ. ನಾನು ನಿನಗೇ ಅಳ್ತಿರೋದು.”

ಕಾಸ್ಮಸ್ ತೊದಲುತ್ತ ನಡೆದದ್ದು ಹೇಳಿದ. ಅಧ್ಯಕ್ಷರು ಮೈಕನ್ನು ಕಿತ್ತುಕೊಂಡರು. “ನಾನು ಬದುಕಿದೀನಿ! ಕೇಳಿಸ್ತಾ? ಇದು ನಾನೇ! ಬದುಕಿದೀನಿ! ಬಂದರು ನಮ್ಮದು!”

ನಗಾರಿಗಳು ಗಕ್ಕನೆ ನಿಂತವು. ಕಣಿವೆಗೆ ಕಣಿವೆಯೇ ಕಿವಿಗೊಟ್ಟ ಹಾಗಿತ್ತು. ಜನ ನಂಬಿದರೆ ಮುಗಿಯಿತು, ತಾಯಂದಿರು ಈಗಲೇ ಮಕ್ಕಳನ್ನು ಕಟ್ಟಿಕೊಂಡು ಇಳಿಯುತ್ತಾರೆ. ಅಷ್ಟರಲ್ಲಿ ನಗಾರಿಗಳು ಮತ್ತೆ ಶುರುವಾದವು. ಮೊದಲಿಗಿಂತ ನಿಧಾನ, ಮೊದಲಿಗಿಂತ ದುಃಖ. ಪಾಪ, ಆತ್ಮಕ್ಕೆ ಇನ್ನೂ ದಾರಿ ತಿಳಿದಿಲ್ಲ, ರೇಡಿಯೋ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡು ಒದ್ದಾಡುತ್ತಿದೆ ಎಂದು ಜನ ಅಂದುಕೊಂಡಿದ್ದರು.

ಅಂಬ್ರೋಸನ ಕತ್ತಿನ ಹಿಂದೆ ತಣ್ಣಗೆ ಏನೋ ತಾಗಿತು. ಪಿಸ್ತೂಲು.

“ಅಕ್ಕ, ನಿನ್ನ ಗಂಡನಿಗೆ ಹೇಳು,” ಎಂದರು ಅಧ್ಯಕ್ಷರು. “ನಾಳೆ ಬೆಳಿಗ್ಗೆ ಗೆದ್ದುಬಿಡ್ತಿದ್ವಿ ಅಂತ ಹೇಳು. ಹುಡುಗರೆಲ್ಲ ಈಗ ಬಂದೂಕ ಬಿಟ್ಟು ನನ್ನ ಸಾವಿಗೆ ಹೊರಟಿರ್ತಾರೆ ಅಂತ ಹೇಳು. ಇವನೊಬ್ಬನ ಬಾಯಿಂದ ಯುದ್ಧ ಸೋತೆ ಅಂತ ಹೇಳು.”

“ಹೊಡೆಯೋದಾದ್ರೆ ಹೊಡಿ,” ಎಂದಳು ಲುದೊವಿಕಾ, ಮೂಗು ಒರೆಸಿಕೊಳ್ಳುತ್ತ. “ಆದ್ರೆ ಇದು ನನ್ನ ತಾಯಿ ನನಗೆ ಬಿಟ್ಟ ನೆಲ. ಇಲ್ಲಿ ರಕ್ತ ಬಿದ್ರೆ ನಿನ್ನ ಬಿಡಾರ, ನಿನ್ನ ಬಾವುಟ, ನೀನು, ಎಲ್ಲ ನಾಳೆನೇ ಆಚೆ. ಅವನು ಅಕ್ಷರ ಬಿಟ್ನಾ? ನೀನು ಹೇಳಿದ್ದನ್ನೇ ಅಲ್ವಾ ಮಾಡಿದ್ದು?”

ಬಹಳ ಹೊತ್ತು ಆ ತಣ್ಣನೆಯದು ಅಲ್ಲೇ ಇತ್ತು. ಅಂಬ್ರೋಸ್ ಕಣ್ಣು ಮುಚ್ಚಿದ್ದ. ಕೊನೆಗೆ ಅದು ಸರಿಯಿತು. ಅವನನ್ನು ಗುಡಿಸಲ ಕಂಬಕ್ಕೆ ಕಟ್ಟಿಹಾಕಿದರು.

ಬೆಳಗಾದಾಗ ಗುಡಿಸಲ ಮುಂದಿನ ಬಯಲಿನಲ್ಲಿ ಎಳ್ಳು ಹಾಕಲು ಜಾಗವಿರಲಿಲ್ಲ. ಕೋಲಿಗೆ ಕಟ್ಟಿದ ಹಂದಿಗಳು, ಗೆಣಸಿನ ರಾಶಿ, ಚಿಪ್ಪಿನ ಹಣದ ಮಾಲೆಗಳು. ಇಷ್ಟು ದೊಡ್ಡ ಸಾವು ನಾಪುಲೈ ಕಂಡಿರಲಿಲ್ಲ. ಬಂದರಿನ ಬದಿಯಲ್ಲಿದ್ದ ಹುಡುಗರೂ ಬಂದಿದ್ದರು, ಮುಖಕ್ಕೆಲ್ಲ ಬೂದಿ ಬಳಿದುಕೊಂಡು. ಅಧ್ಯಕ್ಷರು ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಗುಡಿಸಲ ಮೆಟ್ಟಿಲ ಮೇಲೆ ನಿಂತಿದ್ದರು. ಯಾರೂ ಅವರನ್ನು ಕತ್ತೆತ್ತಿ ನೋಡುತ್ತಿರಲಿಲ್ಲ. ಹಂದಿ ಇಳಿಸುತ್ತಿದ್ದರು, ಅಳುತ್ತಿದ್ದರು, ಪಕ್ಕಕ್ಕೆ ಸರಿಯುತ್ತಿದ್ದರು.

ಕಂಬಕ್ಕೆ ಕಟ್ಟಿದ್ದ ಅಂಬ್ರೋಸ್ ಗುಂಪನ್ನೇ ಕಣ್ಣಲ್ಲಿ ಜಾಲಾಡುತ್ತಿದ್ದ. ಸಿರೊವಾದವರು ಕಾಣಲಿಲ್ಲ. ಹಾಗಾದರೆ ಇಳಿದುಬಿಟ್ಟರೇ? ಬಿಸಿಲು ತೆಂಗಿನ ತಲೆಗೆ ಬಂದಾಗ ಗುಡ್ಡದ ಕಾಲುದಾರಿಯಲ್ಲಿ ಕೆಮ್ಮು ಕೇಳಿಸಿತು. ಕೋಳಿ ಕೂಗಿದ ಹಾಗೆ ಎಳೆದು ಎಳೆದು ಬರುವ ಕೆಮ್ಮು. ಮುದುಕಿ ಅಪೊಲೋನಿಯಾ ಮೊಮ್ಮಗನನ್ನು ಬೆನ್ನಿಗೆ ಕಟ್ಟಿಕೊಂಡು ಮುಂದೆ, ಸಿರೊವಾದ ತಾಯಂದಿರು ಸಾಲಾಗಿ ಹಿಂದೆ. ಒಬ್ಬಳೂ ಬಂದರಿಗೆ ಹೋಗಿರಲಿಲ್ಲ.

ಅಪೊಲೋನಿಯಾ ಸೀದಾ ಮೆಟ್ಟಿಲು ಹತ್ತಿ ಅಧ್ಯಕ್ಷರ ತೋಳು ಚಿವುಟಿದಳು.

“ಅಯ್ಯೋ! ಏನಜ್ಜಿ ಇದು!”

“ಬಿಸಿ ಇದೆ,” ಎಂದು ಅವಳು ಜನರಿಗೆ ಸಾರಿದಳು. “ಆದ್ರೆ ನನ್ನ ಗಂಡನೂ ಸತ್ತ ಮೇಲೆ ಮಳೆಗಾಲ ಮುಗಿಯೋ ತನಕ ಬಿಸಿಯಾಗೇ ಇದ್ದ. ದಿನಾ ಬಂದು ಗಂಜಿಗೆ ಉಪ್ಪಿಲ್ಲ ಅಂತ ಬೈತಿದ್ದ. ಬಿಸಿ ಇದ್ರೆ ಏನು ಬಂತು?”

“ನಾನು ಸತ್ತಿಲ್ಲ ಅಜ್ಜಿ!”

“ಸತ್ತವರೆಲ್ಲ ಹಂಗೇ ಅನ್ನೋದು ಮಗ. ಇವನ ಹೆಸರು ಕೂಗಿದೋನು ಯಾರು? ಅಂಬ್ರೋಸ್ ತಾನೆ? ಅವನೇ ನೋಡಿ ಹೇಳಲಿ. ಗುಂಡಿ ಅಂಚಲ್ಲಿ ಹೆಸರು ಹೇಳಿದ ಮೇಲೆ ಮುಖ ನೋಡೋಕೆ ಅಡ್ಡಿ ಇಲ್ಲ. ಬಿಚ್ರೋ ಅವನನ್ನ.”

ಬೂದಿ ಬಳಿದುಕೊಂಡ ಹುಡುಗರು ಕಟ್ಟು ಬಿಚ್ಚಿದರು. ಕಾಸ್ಮಸ್ ಬೇಡ ಎನ್ನಲು ಬಾಯಿ ತೆರೆದ. ಅಷ್ಟು ಜನರನ್ನು ನೋಡಿ ಮುಚ್ಚಿಕೊಂಡ.

ಅಂಬ್ರೋಸ್ ಮೈಕು ಹಿಡಿದು, ತಂತಿ ಎಳೆದುಕೊಂಡು ಮೆಟ್ಟಿಲ ಬಳಿ ಬಂದ. ಲುದೊವಿಕಾ ಒಳಗೆ ಜನರೇಟರಿನ ಹಗ್ಗ ಎಳೆದಳು. ಮದುವೆಯಾದ ಇಷ್ಟು ವರ್ಷಕ್ಕೆ ಅವನು ಮೊದಲ ಸಲ ಭಾಮೈದನ ಮುಖ ನೋಡಿದ. ಲುದೊವಿಕಾಳದೇ ಮೂಗು, ಅವಳದೇ ಹುಬ್ಬು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ರೇಡಿಯೋದಲ್ಲಿ ಗುಡ್ಡದಷ್ಟು ದೊಡ್ಡದಾಗಿ ಹೇಳಿ ಹೇಳಿ, ಇವರು ಇಷ್ಟು ಸಣ್ಣ ಆಳು ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಅಧ್ಯಕ್ಷರ ಕೈ ಪಿಸ್ತೂಲಿನ ಮೇಲಿತ್ತು.

“ಹಾಮಿಸಿ ಬಂದರು ಯಾರ ಕೈಲಿದೆ?” ಎಂದು ಕೇಳಿದ ಅಂಬ್ರೋಸ್.

ಬಯಲಿನಲ್ಲಿ ಹಂದಿಗಳೂ ಸುಮ್ಮನಾದವು. ಅಧ್ಯಕ್ಷರು ಹುಡುಗರ ಕಡೆ ನೋಡಿದರು. ಅವರಿಗೆ ನಿಜ ಗೊತ್ತಿತ್ತು, ಅವರು ಬಂದದ್ದೇ ಅಲ್ಲಿಂದ. ತಾಯಂದಿರ ಕಡೆ ನೋಡಿದರು. ಅವರಿಗೆ ಗೊತ್ತಿರಲಿಲ್ಲ. ಒಂದು ಮಾತು ಸಾಕಿತ್ತು, ಅವರು ಅಲ್ಲಿಂದಲೇ ತಿರುಗಿ ಇಳಿಯುತ್ತಿದ್ದರು.

“ನಮ್ಮ—” ಎಂದು ಶುರು ಮಾಡಿದರು.

ಮೈಕಿನ ಪಕ್ಕದಲ್ಲೇ ಮುದುಕಿಯ ಬೆನ್ನ ಮೇಲಿನ ಮಗು ಕೆಮ್ಮಿತು. ಕೆಮ್ಮಿ ಕೆಮ್ಮಿ ಉಸಿರು ಸಿಕ್ಕಿಕೊಂಡು, ಕೊನೆಗೆ ಎಳೆದುಕೊಂಡಿತು. ದ್ವೀಪಕ್ಕೆ ದ್ವೀಪವೇ ಅದನ್ನು ಕೇಳಿಸಿಕೊಂಡಿತು.

“ಅವರ ಕೈಲಿ,” ಎಂದರು ಅಧ್ಯಕ್ಷರು. “ಬಂದರು ಅವರ ಕೈಲಿದೆ. ನಿನ್ನೆ ನಾನು ಹೇಳಿಸಿದ್ದು ಸುಳ್ಳು.”

“ಬದುಕಿದಾನೆ!” ಅಪೊಲೋನಿಯಾ ಕೈ ತಟ್ಟಿದಳು. “ತಪ್ಪಾಯ್ತು ಅನ್ನೋದು ಬದುಕಿದೋರು ಮಾತ್ರ ಕಣ್ರಪ್ಪ. ಸತ್ತವರಿಗೆ ಎಲ್ಲಿಲ್ಲದ ಜಂಬ. ಹಂದಿ ವಾಪಸ್ ಹೊತ್ಕೊಂಡು ಹೋಗ್ಬೇಡಿ, ಇಲ್ಲೇ ಕುಯ್ಯಿರಿ.”

ಜನ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದರು. ಅಧ್ಯಕ್ಷರು ಒಳಗೆ ಹೋಗಲು ತಿರುಗಿದರು.

“ನಿಲ್ಲಿ,” ಎಂದ ಅಂಬ್ರೋಸ್. “ನಿಮ್ಮ ಬಿಡಾರದಲ್ಲಿ ಔಷಧಿ ಪೆಟ್ಟಿಗೆ ಇದೆಯಾ?”

“ಅದು ಗಾಯಗೊಂಡ ಹುಡುಗರಿಗೆ ಅಂತ ಇಟ್ಟಿದ್ದು,” ಎಂದ ಕಾಸ್ಮಸ್ ಅಡ್ಡ ಬಂದು.

“ನಾನು ಕೇಳಿದ್ದು ಅವರನ್ನ.”

“ಒಂದೇ ಪ್ರಶ್ನೆ ಅಂದ್ಕೊಂಡಿದ್ದೆ ಭಾವ,” ಎಂದರು ಅಧ್ಯಕ್ಷರು, ಸುಸ್ತಾದ ದನಿಯಲ್ಲಿ. ‘ಭಾವ’ ಎಂಬ ಆ ಮಾತು ನೇರವಾಗಿ ಕಿವಿಗೆ ಬಿದ್ದದ್ದು ಅಂಬ್ರೋಸನಿಗೆ ಅದೇ ಮೊದಲು. “ಇದೆ. ಕಾಸ್ಮಸ್, ತಗೊಂಡು ಬಾ. ಮಕ್ಕಳಿಗೆ ಏನು ಆಗುತ್ತೋ ಕೊಡು.”

ಕಾಸ್ಮಸ್ ಗೊಣಗಿಕೊಂಡು ಹೋದ. ತಾಯಂದಿರು ಅವನ ಹಿಂದೆಯೇ ಹೋದರು.

“ಬಂದರಿನ ಮೇಲೆ ಮತ್ತೆ ದಾಳಿ ಮಾಡ್ತೀರಾ?” ಅಂಬ್ರೋಸ್ ಕೇಳಿದ.

ಅಧ್ಯಕ್ಷರು ಅವನನ್ನು ದಿಟ್ಟಿಸಿ ನೋಡಿದರು. ಹುಡುಗರೂ ಅವರ ಬಾಯನ್ನೇ ನೋಡುತ್ತಿದ್ದರು. ಅವರು ಟೊಪ್ಪಿಗೆ ಸರಿಮಾಡಿಕೊಂಡು ಮೆಟ್ಟಿಲಿಳಿದು ಬಿಡಾರದ ಕಡೆ ನಡೆದರು.

ಅಂಬ್ರೋಸ್ ಮೈಕನ್ನು ಬಾಯಿಗೆ ತಂದುಕೊಂಡ. “ಕೇಳಿದೆ,” ಎಂದು ದ್ವೀಪಕ್ಕೆ ಹೇಳಿದ. “ಉತ್ತರ ಬರಲಿಲ್ಲ. ಸಂಜೆ ಇನ್ನೊಮ್ಮೆ ಕೇಳ್ತೀನಿ.”